ಇಲಿ ಬಿದ್ದರೆ ಊರು ಬಿಡು

ಹುಲ್ಲುಗಾವಲು ನೋಡಲೆಂದು ಚಿತ್ರದುರ್ಗ ಸೀಮೆಯ ಉಳ್ಳಾರ್ತಿ ಕಾವಲಿಗೆ ಹೋದರೆ ಮೊದಲು ಸಿಕ್ಕಿದ್ದು ಗೋಡೆ. ಅದರ ಮಗ್ಗುಲಲ್ಲೇ ನಡೆದು ಕಾಲು ಸೋತ ಮೇಲೆ ಒಂದು ಜಾಲಿಮರ, ಅದರ ನೆರಳಲ್ಲಿ ಕಂಬಳಿ ಹಾಸಿ ಕೂತಿದ್ದ ಕುರಿ ಕಾಯುವ ಅಜ್ಜ.

ಚರಿತ್ರೆಯನ್ನು ಬೇಗ ಮುಗಿಸಿಬಿಡುತ್ತೇನೆ. ಮೈಸೂರು ಅರಸರ ಬೆಣ್ಣೆ ಚಾವಡಿ ಎಂಬ ಇಲಾಖೆಯ ದನಗಳಿಗೆ ಟಿಪ್ಪು ಕಾಲದಲ್ಲಿ ಅಮೃತ ಮಹಲ್ ಎಂಬ ಹೆಸರು ಬಂತು. ಫಿರಂಗಿ ಎಳೆಯುವ ಎತ್ತುಗಳು ಮೇಯಲೆಂದು ಉಳಿಸಿಕೊಂಡ ಬಯಲುಗಳೇ ಈ ಕಾವಲುಗಳು. ಇಲ್ಲಿನ 1,810 ಎಕರೆ ಈಗ ಆ ಗೋಡೆಯೊಳಗೆ, ಭಾಭಾ ಅಣು ಸಂಶೋಧನಾ ಕೇಂದ್ರದ ಪಾಲು. ಪಕ್ಕದ ಕುದಾಪುರ, ವರವು ಕಾವಲುಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ, ಡಿಆರ್‌ಡಿಒ ಇವೆ.

ದನಗಳಿಗೆ ಚರ್ಮಗಂಟು ರೋಗ ಬಂದಾಗ ಏನು ಮಾಡಿದಿರಿ ಎಂದು ಕೇಳಿದ್ದೇ ತಡ, ಅಜ್ಜನ ಮಾತು ನಿಲ್ಲಲಿಲ್ಲ. "ಬ್ಯಾನೆ ಬಿತ್ತು ಅಂದ್ರೆ ಮಂದೆ ಒಡೀಬೇಕು ಸಾಮಿ. ಬ್ಯಾನೆ ದನ ಒಂದ್ಕಡೆ, ಗಟ್ಟಿ ದನ ಒಂದ್ಕಡೆ, ನೀರೂ ಬ್ಯಾರೆ. ಈಗ ಒಡೆದು ಎತ್ಲಾಗೆ ಹೊಡೀಲಿ?"

ದನಕ್ಕಷ್ಟೇ ಅಲ್ಲ, ಮನುಷ್ಯರಿಗೂ ಇದೇ ಮದ್ದು. ಪ್ಲೇಗಿನ ಕಾಲದಲ್ಲಿ ಮನೆಯಲ್ಲಿ ಇಲಿ ಸತ್ತು ಬಿತ್ತೆಂದರೆ ಹಳ್ಳಿಗೆ ಹಳ್ಳಿಯೇ ಹೊಲದಲ್ಲಿ ಗುಡಿಸಲು ಹಾಕುತ್ತಿತ್ತು. ರೋಗ ದಾಟಿಸುವುದು ಇಲಿಯ ಚಿಗಟವೆಂದು ಸಿಮೊಂ ಎಂಬ ಫ್ರೆಂಚ್ ವೈದ್ಯ ಕರಾಚಿಯಲ್ಲಿ ಕಂಡುಕೊಂಡದ್ದು 1898ರಲ್ಲಿ. ನಮ್ಮವರಿಗೆ ಚಿಗಟ ಗೊತ್ತಿರಲಿಲ್ಲ, ಇಲಿಯ ಸೂಚನೆ ಗೊತ್ತಿತ್ತು. ಇವತ್ತಿಗೂ ಚಿತ್ರದುರ್ಗ ಸೀಮೆಯ ಕೆಲವು ಊರುಗಳು ಹೊರಬೀಡು ಆಚರಿಸುತ್ತವೆ. ಮನೆಗೆ ಬೀಗ, ದನಕರು ಸಮೇತ ಊರಾಚೆ ಅಡುಗೆ, ಊಟ, ಸಂಜೆಗೆ ವಾಪಸು. ಪೇಟೆಯವರಿಗೆ ಇದು ಮೌಢ್ಯ. ನನಗೇನೋ ವರ್ಷಕ್ಕೊಮ್ಮೆ ಮಾಡುವ ತಾಲೀಮಿನಂತೆ ಕಂಡಿತು.

ಅದೇ 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಸರ್ಕಾರ ಮಾಡಿದ್ದೂ ಹೊರಬೀಡೇ, ಆದರೆ ಲಾಠಿಯ ಹೊರಬೀಡು. ಪೇಟೆಯ ಇಕ್ಕಟ್ಟಿನಿಂದ ಜನರನ್ನು ಎಬ್ಬಿಸಿ ಬಯಲಿನ ಶೆಡ್ಡುಗಳಿಗೆ ಕಳಿಸಿದರು, ಮನೆಗಳನ್ನು ಕೆಡವಿದರು. ಹೆದರಿದ ಜನ ರೋಗಿಗಳನ್ನೇ ಬಚ್ಚಿಟ್ಟರು. ಮುಂದೆ ಆ ಇಕ್ಕಟ್ಟು ತಪ್ಪಿಸಲೆಂದು ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಅಗಲ ರಸ್ತೆಗಳೊಂದಿಗೆ ಬೆಳೆದವು.

ಬೆಂಗಳೂರಿನ ಸುತ್ತ ಆಗ ಬಯಲಿತ್ತು. ಅಜ್ಜನಿಗೆ ಇದನ್ನೆಲ್ಲ ಹೇಳಿದೆ. "ಅವ್ರಿಗೆ ಹೊರಗೆ ಅಂತ ಒಂದಿತ್ತಲ್ಲ ಸಾಮಿ" ಎಂದು ಕಂಬಳಿ ಕೊಡವಿ ಎದ್ದರು. ಮಳೆ ಬಿದ್ದು ಗೋಡೆಯ ಬುಡದಲ್ಲಿ ಒಂದಿಷ್ಟು ಹಸಿರು ಚಿಗುರಿತ್ತು. ಕುರಿಗಳನ್ನು ಅದರ ಉದ್ದಕ್ಕೇ ಸಾಲು ಹಿಡಿಸಿ ಹೊರಟರು.