ಕಬ್ಬಿನ ತರಗಿಗೆ ಸುಣ್ಣದ ನೀರು

ಭಾರತೀನಗರದ ಸುತ್ತ ಕಬ್ಬು ಕಡಿದು, ಗಾಡಿಗಳು ಚಾಮುಂಡೇಶ್ವರಿ ಸಕ್ಕರೆ ಕಾರ್ಖಾನೆಯತ್ತ ಹೊರಟ ಮೇಲೆ ಗದ್ದೆಯಲ್ಲಿ ಉಳಿಯುವುದು ಒಣ ತರಗು. ಕೂಳೆ ಬೆಳೆಗೆ ಅಡ್ಡಿಯೆಂದು ಎಷ್ಟೋ ಕಡೆ ಅದಕ್ಕೆ ಬೆಂಕಿ ಹಾಕುತ್ತಾರೆ. ಒಂದು ಟನ್ ಕಬ್ಬಿಗೆ ಸುಮಾರು 100ರಿಂದ 150 ಕಿಲೋ ತರಗು ಬರುತ್ತದೆ. ಅದರ ಅರ್ಧಕ್ಕಿಂತ ಹೆಚ್ಚು ಪಾಲು ಸಕ್ಕರೆಯ ಕಣಗಳೇ ಸರಪಳಿಯಾಗಿ ಕೂಡಿಕೊಂಡ ವಸ್ತು. ಆ ಸರಪಳಿ ಬಿಡಿಸಿ ಸಕ್ಕರೆಯನ್ನು ಯೀಸ್ಟಿನಿಂದ ಹುದುಗಿಸಿದರೆ ಎಥನಾಲ್ ಸಿಗುತ್ತದೆ. ಆದರೆ ಸರಪಳಿಯಾಗಿರುವಾಗ ನಾಲಗೆಗೆ ಸಿಹಿ ಹತ್ತುವುದಿಲ್ಲ. ಸೆಲ್ಯುಲೋಸ್ ಎಂಬ ಗಟ್ಟಿ ಎಳೆಗಳನ್ನು ಹೆಮಿಸೆಲ್ಯುಲೋಸ್ ಸುತ್ತಿಕೊಂಡಿರುತ್ತದೆ, ಅವೆರಡರ ನಡುವೆ ಗೋಡೆಗೆ ಮೆತ್ತಿದ ಗಾರೆಯಂತೆ ಲಿಗ್ನಿನ್ ತುಂಬಿರುತ್ತದೆ. ಈ ಎಳೆಗಳನ್ನು ಕತ್ತರಿಸುವ ಕಿಣ್ವಗಳು ಹೊಸವೇನಲ್ಲ. ಎರಡನೇ ಮಹಾಯುದ್ಧದಲ್ಲಿ ಸಾಲೊಮನ್ ದ್ವೀಪಗಳಲ್ಲಿ ಅಮೆರಿಕ ಸೇನೆಯ ಹತ್ತಿಯ ಡೇರೆಗಳನ್ನು ತಿಂದುಹಾಕಿದ ಟ್ರೈಕೋಡರ್ಮಾ ಬೂಷ್ಟಿನ ಸಂತತಿಯೇ ಇಂದಿಗೂ ಆ ಕಿಣ್ವಗಳನ್ನು ಒದಗಿಸುತ್ತಿದೆ. ಹತ್ತಿಯಲ್ಲಿ ಲಿಗ್ನಿನ್ ಇಲ್ಲದಿದ್ದುದೇ ಬೂಷ್ಟಿಗೆ ಅನುಕೂಲವಾಯಿತು. ಸಂಸ್ಕರಿಸದ ತರಗಿಗೆ ಅದೇ ಕಿಣ್ವ ಹಾಕಿ 50 ಡಿಗ್ರಿ ಬಿಸಿಯಲ್ಲಿ ದಿನಗಟ್ಟಲೆ ಇಟ್ಟರೂ ಸಾಮಾನ್ಯವಾಗಿ ಸಕ್ಕರೆಯ ಸಣ್ಣ ಪಾಲು ಮಾತ್ರ ಬಿಡುಗಡೆಯಾಗುತ್ತದೆ. ಹಾಗಾಗಿ ಕಿಣ್ವಕ್ಕೆ ಮೊದಲು ಒಂದು ಸಂಸ್ಕಾರ ಆಗಲೇಬೇಕು, ಸಾಮಾನ್ಯವಾಗಿ ರಾಸಾಯನಿಕದಿಂದ.

ಯಾವ ರಾಸಾಯನಿಕ ಎಂಬುದೇ ನಿಜವಾದ ಪ್ರಶ್ನೆ. ತೆಳು ಗಂಧಕಾಮ್ಲದಲ್ಲಿ 150 ಡಿಗ್ರಿಗೂ ಮೇಲೆ ಬೇಯಿಸುವುದು ಬಹಳ ಬಳಕೆಯಲ್ಲಿರುವ ದಾರಿ. ಹೆಮಿಸೆಲ್ಯುಲೋಸ್ ಕರಗಿಹೋಗಿ ಎಳೆ ಬಯಲಾಗುತ್ತದೆ. ಆದರೆ ಬಿಸಿ ಸ್ವಲ್ಪ ಮೀರಿದರೂ ಕರಗಿದ ಸಕ್ಕರೆ ಫರ್ಫ್ಯೂರಾಲ್ ಆಗಿ ಯೀಸ್ಟಿಗೆ ವಿಷವಾಗುತ್ತದೆ. ಆಮ್ಲ ತಡೆಯುವ ಲೋಹದ ಪಾತ್ರೆಗಳ ಬೆಲೆಯೂ ವಿಪರೀತ. ನಮ್ಮ ಸೀಮೆಗೆ ಸುಣ್ಣದ ದಾರಿ ಹೆಚ್ಚು ಹೊಂದುತ್ತದೆ ಎಂಬುದು ನನ್ನ ವಾದ. ಸುಣ್ಣದ ನೀರು ಹೆಮಿಸೆಲ್ಯುಲೋಸಿಗೆ ಅಂಟಿದ ಅಸಿಟೈಲ್ ಗುಂಪುಗಳನ್ನು ಕಳಚಿ, ಲಿಗ್ನಿನ್ನನ್ನು ಒಂದಷ್ಟು ಸಡಿಲಿಸಿ, ಸಕ್ಕರೆಯ ಬಹುಪಾಲನ್ನು ಎಳೆಯಲ್ಲೇ ಉಳಿಸುತ್ತದೆ. ಕಬ್ಬಿನ ರಸ ತಿಳಿಗೊಳಿಸಲು ಸಕ್ಕರೆ ಕಾರ್ಖಾನೆಗಳು ಸುಣ್ಣ ಬಳಸುತ್ತಲೇ ಬಂದಿವೆ. ಅದನ್ನು ತರಿಸಿ, ಕಲಸಿ, ಅಳತೆಯಿಂದ ಹಾಕುವ ಕೈಗಳು ಇಲ್ಲೇ ಇವೆ. ಉಳಿದ ಸುಣ್ಣವನ್ನು ಎಥನಾಲ್ ಹುದುಗುವಿಕೆಯಿಂದ ಹೊರಬರುವ ಇಂಗಾಲದ ಡೈಆಕ್ಸೈಡ್ ಹಾಯಿಸಿ ಸುಣ್ಣಕಲ್ಲಾಗಿ ಹಿಂಪಡೆಯಬಹುದು. ಕುಂದೂ ಇದೆ: ಕಡಿಮೆ ಬಿಸಿಯಲ್ಲಿ ಈ ಕೆಲಸಕ್ಕೆ ದಿನಗಳಲ್ಲ, ವಾರಗಳೇ ಬೇಕಾಗಬಹುದು. ಆದರೆ ಕಬ್ಬು ಅರೆಯುವುದು ವರ್ಷದ ಕೆಲವು ತಿಂಗಳು ಮಾತ್ರ, ತರಗು ಹೇಗೂ ರಾಶಿಯಾಗಿ ಕಾಯಬೇಕಾದದ್ದೇ. ಕಾಯುವ ರಾಶಿಯಲ್ಲೇ ಸುಣ್ಣ ತನ್ನ ಕೆಲಸ ಮಾಡಲಿ.

ರಸ ಹಿಂಡಿದ ಸಿಪ್ಪೆಯಿರುವಾಗ ತರಗೇಕೆ ಎನ್ನಬಹುದು. ಸಿಪ್ಪೆ ಕಾರ್ಖಾನೆಯ ಬಾಯ್ಲರಿಗೂ ಆಲೆಮನೆಯ ಒಲೆಗೂ ಉರುವಲು; ಅದನ್ನು ಕಿತ್ತುಕೊಂಡರೆ ಬೇರೆ ಸೌದೆ ಹುಡುಕಬೇಕು. ಭತ್ತದ ಹುಲ್ಲು ಆಗದೇ ಎಂದೂ ಕೇಳಬಹುದು. 2022ರ ಆಗಸ್ಟ್‌ನಲ್ಲಿ ಪಾಣಿಪತ್‌ನಲ್ಲಿ ಲೋಕಾರ್ಪಣೆಯಾದ ಇಂಡಿಯನ್ ಆಯಿಲ್ ಘಟಕ ವರ್ಷಕ್ಕೆ 2 ಲಕ್ಷ ಟನ್ ಭತ್ತದ ಹುಲ್ಲಿನಿಂದ 3 ಕೋಟಿ ಲೀಟರ್ ಎಥನಾಲ್ ತೆಗೆಯುವ ಗುರಿ ಹೊಂದಿದೆ. ಅಲ್ಲಿ ಸುಟ್ಟುಹೋಗುತ್ತಿದ್ದ ಹುಲ್ಲು ನಮ್ಮ ಮದ್ದೂರು, ಮಳವಳ್ಳಿಯಲ್ಲಿ ಹಸುವಿನ ಮೇವು. ಅದನ್ನು ಮುಟ್ಟಲೇಬಾರದು. ತರಗನ್ನು ಹೊದಿಕೆಯಾಗಿ ಸಾಲಿಗೆ ಹಾಸುವ ರೈತರ ಮಾತೂ ಸರಿ. ತೇವ ಉಳಿಸಿ, ಕೊಳೆತು ಗೊಬ್ಬರವಾಗುವುದನ್ನು ಹೊತ್ತೊಯ್ಯುವುದು ನೆಲಕ್ಕೆ ಮಾಡುವ ದ್ರೋಹ. ಬೆಂಕಿಗೆ ಬೀಳುವಷ್ಟನ್ನು ಮಾತ್ರ, ಕಂತೆ ಕಟ್ಟುವ ಕೂಲಿ ಸೇರಿಸಿ, ಬೆಲೆ ಕೊಟ್ಟು ಕೊಳ್ಳಬೇಕು.

ಇವೆಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ನೀರಿನದು. ಸುಣ್ಣದಲ್ಲಿ ನೆಂದ ತರಗನ್ನು ತೊಳೆದಾಗ ಲಿಗ್ನಿನ್ ಬೆರೆತ ಕಂದು ನೀರು ಹೊರಬರುತ್ತದೆ, ಅದು ನಾಲೆಗೋ ಶಿಂಷಾ ನದಿಗೋ ಹರಿದರೆ ಲಾಭದ ಲೆಕ್ಕವೆಲ್ಲ ಸುಳ್ಳು. ತೊಳೆದ ನೀರನ್ನೇ ಮುಂದಿನ ರಾಶಿಗೆ ಬಳಸುವ, ಲಿಗ್ನಿನ್ ಬೇರ್ಪಡಿಸಿ ಒಣಗಿಸಿ ಬಾಯ್ಲರಿಗೆ ಕೊಡುವ ಏರ್ಪಾಡು ನಕ್ಷೆಯಲ್ಲೇ ಇಲ್ಲದ ಘಟಕಕ್ಕೆ ಪರವಾನಗಿ ಕೊಡಬಾರದು, ಅದು ಎಷ್ಟೇ ಎಥನಾಲ್ ತೆಗೆಯುವುದಾಗಿ ಹೇಳಿದರೂ.