ಭೀಮೆಯ ನೀರಿಗಿಂತ ಮೊದಲು ಬರಬೇಕಾದ ಪತ್ರ

ಆಳಂದ ಸೀಮೆಯ ಅಮರ್ಜಾ ಗಾಣಗಾಪುರದ ಸಂಗಮದಲ್ಲಿ ಭೀಮೆಯನ್ನು ಸೇರುತ್ತಾಳೆ. ಭೀಮೆ ಅಫಜಲಪುರ ದಾಟಿ ಜೇವರ್ಗಿಯತ್ತ ಹರಿಯುತ್ತಾಳೆ. 2020ರ ಅಕ್ಟೋಬರ್‌ನಲ್ಲಿ ಭಾರಿ ಮಳೆಯ ಜೊತೆಗೆ ಮಹಾರಾಷ್ಟ್ರದ ಉಜನಿ ಜಲಾಶಯದಿಂದ ಬಿಟ್ಟ ನೀರೂ ಸೇರಿ ದಡದ ಊರುಗಳು ಮುಳುಗಿದವು. ಅಲ್ಲಿ ಬಿಟ್ಟ ನೀರು ಇಲ್ಲಿಗೆ ಮುಟ್ಟಲು ಹೊತ್ತು ಹಿಡಿಯುತ್ತದೆ. ದನಕರು ಬಿಚ್ಚಿ, ಕಾಳುಕಡಿ ಹೊತ್ತು ಹೊರಡಲು ಜನರಿಗೆ ಇರುವುದು ಆ ಹೊತ್ತೊಂದೇ. ಅದನ್ನು ಉಳಿಸಿಕೊಡಬಲ್ಲ ಅತ್ಯಂತ ಅಗ್ಗದ ಸಾಧನವೆಂದರೆ, ಸ್ಕ್ರಿಪ್ಟ್ ತಾನಾಗಿ ಕಳಿಸುವ, ಬರೀ ಅಕ್ಷರಗಳ ಇ-ಮೇಲ್.

ಸ್ಕ್ರಿಪ್ಟ್ ಎಂದರೆ ಕಂಪ್ಯೂಟರಿಗೆ ಬರೆದಿಟ್ಟ ಹತ್ತಿಪ್ಪತ್ತು ಸಾಲುಗಳ ಆದೇಶ. ಹೊರಹರಿವಿನ ಅಂಕಿಗಳಿರುವ ಕಡತವನ್ನು ಅದು ಗಂಟೆಗೊಮ್ಮೆ ಓದುತ್ತದೆ. ಮಟ್ಟ ಮೀರಿದ್ದರೆ ಸಮಯ, ಪ್ರಮಾಣ ಜೋಡಿಸಿ ಪತ್ರ ಬರೆದು ಮೇಲ್ ಸರ್ವರಿಗೆ ಒಪ್ಪಿಸುತ್ತದೆ. ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಇದಕ್ಕೆ ಬೇಕಾದ ಸಲಕರಣೆ ಉಚಿತವಾಗಿ ಜೊತೆಗೇ ಬರುತ್ತದೆ. ಪತ್ರ ಸಾಗಿಸುವ ಎಸ್‌ಎಂಟಿಪಿ ನಿಯಮವನ್ನು ಜಾನ್ ಪೋಸ್ಟೆಲ್ 1982ರಲ್ಲಿ ಬರೆದಾಗ ಅದರಲ್ಲಿ ಇಂಗ್ಲಿಷ್ ಅಕ್ಷರಗಳಿಗಷ್ಟೇ ಜಾಗವಿತ್ತು. ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್ ಮತ್ತು 1992ರ ಮೈಮ್ ನಿಯಮ ಕನ್ನಡಕ್ಕೂ ದಾರಿ ತೆರೆದವು. ‘ಭೀಮಾ’ ಎಂಬುದನ್ನೇ ನೋಡಿ: ಎರಡು ವ್ಯಂಜನ, ಎರಡು ಸ್ವರಚಿಹ್ನೆ, ಒಟ್ಟು 4 ಸಂಕೇತ. ಯೂನಿಕೋಡ್‌ನ ಯುಟಿಎಫ್-8 ರೂಪದಲ್ಲಿ ತಲಾ 3 ಬೈಟ್, ಅಂದರೆ 12. ಸಾಗಾಟಕ್ಕೆಂದು ಬೇಸ್64 ರೂಪ ತಾಳಿದಾಗ 16. ಈ ಲೆಕ್ಕದಲ್ಲಿ 500 ಸಂಕೇತಗಳ ಎಚ್ಚರಿಕೆ ಸುಮಾರು 2 ಕಿಲೋಬೈಟಿನಲ್ಲಿ ಮುಗಿಯುತ್ತದೆ. ಅದನ್ನೇ ಮುದ್ರಿಸಿ, ಮೊಹರು ಒತ್ತಿ ಸ್ಕ್ಯಾನ್ ಮಾಡಿದರೆ ನೂರಾರು ಕಿಲೋಬೈಟ್ ಆದೀತು. ಮಳೆಯಲ್ಲಿ ನೆಟ್‌ವರ್ಕ್ ಕುಂಟುವಾಗ ಈ ಅಂತರ ಸಣ್ಣದಲ್ಲ.

ಮೊಹರಿಲ್ಲದ ಪತ್ರವನ್ನು ನಂಬುವುದು ಹೇಗೆ ಎಂಬ ಆಕ್ಷೇಪಕ್ಕೆ ಅರ್ಥವಿದೆ. ಆದರೆ ಮೊಹರಿನ ಚಿತ್ರವನ್ನು ಯಾರು ಬೇಕಾದರೂ ನಕಲು ಮಾಡಬಹುದು. ಕಳಿಸಿದ ಡೊಮೈನ್ ಯಾವುದೆಂದು ಡಿಕೆಐಎಂ ಎಂಬ ಡಿಜಿಟಲ್ ಸಹಿಯಿಂದ ಸರ್ವರೇ ಪರೀಕ್ಷಿಸಬಲ್ಲದು. ಹೊಲದಲ್ಲಿರುವ ರೈತ ಇ-ಮೇಲ್ ನೋಡುತ್ತಾನೆಯೇ? ನೋಡಬೇಕಿಲ್ಲ. ಪತ್ರ ತಲುಪಬೇಕಾದ್ದು ಪಂಚಾಯಿತಿ ಕಚೇರಿಗೆ. ಅಲ್ಲಿಂದ ಮುಂದೆ ಡಂಗುರವಿದೆ, ಧ್ವನಿವರ್ಧಕವಿದೆ. ವಾಟ್ಸ್ಆ್ಯಪ್ ಸಾಲದೇ ಎಂದರೆ, ಅದೂ ಇರಲಿ. ಆದರೆ ಗುಂಪಿನ ಶುಭೋದಯದ ಚಿತ್ರಗಳ ನಡುವೆ ಎಚ್ಚರಿಕೆ ಕೊಚ್ಚಿಹೋಗಬಾರದು. ಯಾರಿಗೆ, ಎಷ್ಟು ಹೊತ್ತಿಗೆ ಹೋಯಿತೆಂಬ ದಾಖಲೆಯೂ ಕಚೇರಿಯಲ್ಲಿ ಉಳಿಯಬೇಕು.

ನನಗೆ ನಿಜಕ್ಕೂ ಅಂಜಿಕೆಯಿರುವುದು ಬೇರೆ ಕಡೆ. ಸ್ಕ್ರಿಪ್ಟ್ ಸದ್ದಿಲ್ಲದೆ ನಿಂತುಹೋಗಬಹುದು: ಪಾಸ್‌ವರ್ಡ್ ಬದಲಾಗಿರಬಹುದು, ಕರೆಂಟ್ ಹೋಗಿರಬಹುದು. ಪತ್ರ ಬರದಿದ್ದುದನ್ನೇ ಜನ ಕ್ಷೇಮವೆಂದು ತಿಳಿದರೆ ಅನಾಹುತ. ಆದ್ದರಿಂದ ಮಳೆಗಾಲದುದ್ದಕ್ಕೂ ಅದು ದಿನವೂ ಬೆಳಿಗ್ಗೆ ‘ಹೊರಹರಿವು ಮಾಮೂಲು’ ಎಂದು ಒಂದು ಸಾಲನ್ನಾದರೂ ಕಳಿಸಲೇಬೇಕು. ಆ ಸಾಲು ಬಾರದ ದಿನ ಪಂಚಾಯಿತಿಯವರು ಫೋನ್ ಎತ್ತಿ ವಿಚಾರಿಸಲಿ.