ವಿಡಿಯೊ ನಿಲ್ಲಿಸಿದಾಗ ಶುರುವಾಗುವ ಪಾಠ

ಮೂರು ಕಾಲಿನ ನಾಯಿಯೊಂದು ಕಥೆಯೊಳಗೆ ಬರುತ್ತದೆ. ಬೇರೆ ನಾಯಿಗಳು ಅದನ್ನು ಹತ್ತಿರ ಸೇರಿಸುವುದಿಲ್ಲ. ಕೊನೆಗೆ ತಮ್ಮ ತಪ್ಪು ಅರಿವಾಗಿ ಅದರ ಜೊತೆ ಆಡುತ್ತವೆ. ಅಮೆರಿಕದ ‘ಕ್ಲಿಫರ್ಡ್’ ಕಾರ್ಟೂನಿನ ಈ ಕಂತನ್ನು ಮೇರ್ಸ್ ಮತ್ತು ಅಕೋಸ್ಟಾ ಎಂಬ ಸಂಶೋಧಕಿಯರು ಶಿಶುವಿಹಾರದ ಮಕ್ಕಳಿಗೆ ತೋರಿಸಿ, ಇದರಿಂದ ಏನು ಕಲಿತಿರಿ ಎಂದು ಕೇಳಿದರು. ನಮಗಿಂತ ಬೇರೆ ಥರ ಇರುವವರನ್ನು ದೂರ ಇಡಬಾರದು ಎಂಬ ನೀತಿ ಬಹುಪಾಲು ಮಕ್ಕಳಿಗೆ ಹೊಳೆಯಲೇ ಇಲ್ಲ. ಕೆಲವರ ಪಾಠ ನಾಯಿಯ ಹತ್ತಿರವೇ ನಿಂತಿತು: ಮೂರು ಕಾಲಿನ ನಾಯಿಗಳನ್ನು ಚೆನ್ನಾಗಿ ನೋಡಿಕೊಳ್ಳಬೇಕು! 2008ರಲ್ಲಿ ಅಚ್ಚಾದ ಅವರ ಪ್ರಬಂಧಕ್ಕೆ ಆ ಮಾತೇ ತಲೆಬರಹವಾಯಿತು.

ಜಗಳವಾಡುವ ಮಕ್ಕಳಿಗೆ ಒಂದು ಒಳ್ಳೆಯ ವಿಡಿಯೊ ತೋರಿಸಿದರೆ ಸರಿಹೋಗುತ್ತಾರೆ ಎಂದು ನಂಬಿರುವ ನಾವೆಲ್ಲ ತಿಳಿದಿರಬೇಕಾದ ಸಂಗತಿ ಇದು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಹಳ್ಳಿಗಳಲ್ಲೂ ಈಗ ಮೇಷ್ಟ್ರ ಜೇಬಿನಲ್ಲಿ ಕ್ಯಾಮೆರಾ ಫೋನಿದೆ. ಜಗಳ ಬಗೆಹರಿಸುವುದನ್ನು ಮಕ್ಕಳಿಂದಲೇ ಅಭಿನಯಿಸಿ, ಚಿತ್ರೀಕರಿಸಿ, ತರಗತಿಯಲ್ಲಿ ತೋರಿಸುವುದು ಕಷ್ಟವಲ್ಲ. ಅದರಿಂದ ಮಕ್ಕಳು ಏನನ್ನು ಹೆಕ್ಕಿಕೊಳ್ಳುತ್ತಾರೆ ಎಂಬುದು ಬೇರೆಯೇ ಪ್ರಶ್ನೆ.

ಮಕ್ಕಳು ನೋಡಿ ಕಲಿಯುತ್ತಾರೆ ಎಂಬುದರಲ್ಲಿ ಅನುಮಾನವಿಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಆಲ್ಬರ್ಟ್ ಬಂಡೂರ 1963ರಲ್ಲಿ 96 ಪುಟ್ಟ ಮಕ್ಕಳ ಮೇಲೆ ನಡೆಸಿದ ಪ್ರಯೋಗ ಪ್ರಸಿದ್ಧ. ಗಾಳಿ ತುಂಬಿದ ‘ಬೋಬೋ’ ಗೊಂಬೆಯನ್ನು ದೊಡ್ಡವರೊಬ್ಬರು ಗುದ್ದುವುದನ್ನು ಕೆಲವರು ಎದುರಿಗೇ ಕಂಡರು, ಕೆಲವರು ಸಿನಿಮಾದಲ್ಲಿ ಕಂಡರು. ಸಿನಿಮಾ ಕಂಡವರೂ ಗೊಂಬೆಗೆ ಅಷ್ಟೇ ಜೋರಾಗಿ ಬಾರಿಸಿದರು. 1965ರ ಮುಂದಿನ ಪ್ರಯೋಗ ಇನ್ನೂ ಸೂಕ್ಷ್ಮವಾದದ್ದು. ಗುದ್ದಿದವನಿಗೆ ಶಿಕ್ಷೆಯಾಗುವ ಚಿತ್ರ ನೋಡಿದ ಮಕ್ಕಳು ಅವನನ್ನು ಕಡಿಮೆ ಅನುಕರಿಸಿದರು. ಆದರೆ ಅವನು ಮಾಡಿದಂತೆ ಮಾಡಿ ತೋರಿಸಿದರೆ ಸ್ಟಿಕರ್, ಹಣ್ಣಿನ ರಸ ಕೊಡುತ್ತೇವೆ ಎಂದದ್ದೇ ತಡ, ಅವರೂ ಉಳಿದವರಷ್ಟೇ ಚೆನ್ನಾಗಿ ಮಾಡಿ ತೋರಿಸಿದರು. ಹೊಡೆತವನ್ನು ಅವರು ಆಗಲೇ ಕಲಿತಿದ್ದರು. ಶಿಕ್ಷೆಯ ದೃಶ್ಯ ಅದನ್ನು ಹೊರಗೆ ಬರದಂತೆ ತಡೆದಿತ್ತು, ಅಷ್ಟೆ. ‘ಕೆಟ್ಟ ಹುಡುಗನಿಗೆ ಕೊನೆಗೆ ಬುದ್ಧಿ ಬಂತು’ ಎಂಬ ಧಾಟಿಯ ನೀತಿಚಿತ್ರಗಳ ದೌರ್ಬಲ್ಯ ಇಲ್ಲಿದೆ.

ಇದೇ ಅನುಕರಣೆಯಿಂದ ಒಳಿತೂ ಆಗುತ್ತದೆ. 1969ರಲ್ಲಿ ರಾಬರ್ಟ್ ಓಕಾನರ್ ಎಂಬ ಮನೋವಿಜ್ಞಾನಿ ಯಾರೊಂದಿಗೂ ಬೆರೆಯದ ನರ್ಸರಿ ಮಕ್ಕಳಿಗೆ 23 ನಿಮಿಷದ ಚಿತ್ರವೊಂದನ್ನು ತೋರಿಸಿದರು. ಒಂದು ಮಗು ಆಟದ ಗುಂಪನ್ನು ಮೆಲ್ಲನೆ ಸೇರಿಕೊಳ್ಳುತ್ತದೆ, ಉಳಿದವರು ಅದನ್ನು ನಗುತ್ತಾ ಬರಮಾಡಿಕೊಳ್ಳುತ್ತಾರೆ. ದೃಶ್ಯದಿಂದ ದೃಶ್ಯಕ್ಕೆ ಗುಂಪು ದೊಡ್ಡದಾಗುತ್ತಾ, ಗಲಾಟೆ ಹೆಚ್ಚುತ್ತಾ ಹೋಗುತ್ತದೆ. ಹಿನ್ನೆಲೆಯ ದನಿ ನಡೆಯುತ್ತಿರುವುದನ್ನು ವಿವರಿಸುತ್ತದೆ. ಚಿತ್ರ ನೋಡಿದ ಮಕ್ಕಳು ಸಂಗಡಿಗರೊಂದಿಗೆ ಎದ್ದುಕಾಣುವಂತೆ ಬೆರೆತರು. ಆ ಚಿತ್ರದಲ್ಲಿ ಅನುಕರಿಸಬೇಕಾದ ನಡೆ ಮತ್ತೆ ಮತ್ತೆ ಕಾಣುತ್ತಿತ್ತು, ಅನುಕರಿಸಬಾರದ್ದು ಕಾಣುತ್ತಲೇ ಇರಲಿಲ್ಲ ಎಂಬುದನ್ನು ಗಮನಿಸಬೇಕು.

ಜಗಳದ ಕಥೆಗಳಲ್ಲಿ ಲೆಕ್ಕ ಉಲ್ಟಾ. ಕಸಿದುಕೊಳ್ಳುವುದು, ಕೂಗಾಡುವುದು, ಠೂ ಬಿಡುವುದೆಲ್ಲ ಬಹು ಹೊತ್ತು ನಡೆಯುತ್ತದೆ. ರಾಜಿಯಾಗುವುದು ಕೊನೆಯ ಅರೆನಿಮಿಷದಲ್ಲಿ. ಆ ಕೊನೆಯನ್ನು ಮೊದಲಿಗೆ ಜೋಡಿಸಿಕೊಳ್ಳುವಷ್ಟು ನೆನಪಿನ ಹಿಡಿತ ನಾಲ್ಕೈದು ವರ್ಷದ ಮಗುವಿಗೆ ಇನ್ನೂ ಬಂದಿರುವುದಿಲ್ಲ. ಶೈಕ್ಷಣಿಕ ಕಾರ್ಯಕ್ರಮಗಳನ್ನೇ ಹೆಚ್ಚು ನೋಡುವ ಮಕ್ಕಳಲ್ಲಿ ‘ನಿನ್ನ ಜೊತೆ ಆಡಲ್ಲ ಹೋಗು’ ಎಂಬಂಥ ಹೊರಗಿಡುವ ವರ್ತನೆ ಹೆಚ್ಚಿದ್ದುದನ್ನು 2006ರಲ್ಲಿ ಆಸ್ಟ್ರೋವ್ ಮತ್ತು ಸಂಗಡಿಗರು ವರದಿ ಮಾಡಿದರು. ಇದು ಕಾರ್ಯಕಾರಣದ ಪುರಾವೆಯಲ್ಲ, ಎರಡೂ ಒಟ್ಟಿಗೆ ಕಂಡವು ಎಂಬ ಮಾತು. ಆದರೂ ಮಕ್ಕಳ ಗಮನ ಜಗಳಕ್ಕೆ ಅಂಟಿಕೊಂಡು ಪರಿಹಾರವನ್ನು ಬಿಟ್ಟುಬಿಡುತ್ತದೆ ಎಂಬ ಅವರ ಊಹೆ ಮೂರು ಕಾಲಿನ ನಾಯಿಯ ಪ್ರಯೋಗಕ್ಕೆ ಹೊಂದುತ್ತದೆ.

ಇದಕ್ಕೆ ಮದ್ದು ಮೇರ್ಸ್ ಮತ್ತು ಅಕೋಸ್ಟಾ ಅವರ ಮುಂದಿನ ಕೆಲಸದಲ್ಲಿತ್ತು. ಕಥೆಯ ನಡುವೆ ಅದರ ಅರ್ಥವನ್ನು ಬಿಡಿಸಿ ಹೇಳುವ ಚಿಕ್ಕ ತುಣುಕುಗಳನ್ನು ಸೇರಿಸಿದಾಗ ಮಕ್ಕಳಿಗೆ ನೀತಿ ಹೆಚ್ಚು ತಿಳಿಯಿತು. 2016ರಲ್ಲಿ ‘ಡೇನಿಯಲ್ ಟೈಗರ್’ ಕಾರ್ಟೂನ್ ಬಳಸಿ 127 ಮಕ್ಕಳ ಮೇಲೆ ನಡೆದ ಅಧ್ಯಯನವೂ ಇದನ್ನೇ ಹೇಳಿತು. ಟಿವಿಯಲ್ಲಿ ನೋಡಿದ್ದರ ಬಗ್ಗೆ ಅಪ್ಪ-ಅಮ್ಮ ಆಗಾಗ ಮಾತಾಡುವ ಮನೆಗಳ ಮಕ್ಕಳಿಗೆ ಮಾತ್ರ ಆ ಕಾರ್ಟೂನಿನಿಂದ ಲಾಭವಾಯಿತು. ಅಂದಮೇಲೆ ತರಗತಿಯಲ್ಲಿ ನಿಜವಾದ ಕೆಲಸ ಆಗುವುದು ವಿಡಿಯೊ ನಿಂತಾಗ.

ನಮ್ಮ ನಲಿ-ಕಲಿ ಕೊಠಡಿ ಇದಕ್ಕೆ ಹೇಳಿ ಮಾಡಿಸಿದ ಜಾಗ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾಗಿ ಮುಂದೆ ರಾಜ್ಯದ ಉದ್ದಗಲಕ್ಕೂ ಹರಡಿದ ಪದ್ಧತಿಯಿದು. ಕೆಳಗಿನ ತರಗತಿಗಳವರು ಒಟ್ಟಿಗೆ ಗುಂಪುಗಳಲ್ಲಿ ಕೂರುತ್ತಾರೆ. ಕಾರ್ಡು, ಬಳಪ, ಬಣ್ಣದ ಕಡ್ಡಿ ಎಲ್ಲವನ್ನೂ ಹಂಚಿಕೊಳ್ಳಬೇಕು. “ಮಿಸ್, ಇವ್ನು ನನ್ ಬಳಪ ಕಸ್ಕಂಡ!” ಎಂಬ ದೂರು ಬರದೆ ಇರುತ್ತದೆಯೇ?

ಒಂದು ನಿಮಿಷದ ವಿಡಿಯೊ ಇದೆ ಎಂದುಕೊಳ್ಳಿ. ಇಬ್ಬರು ಮಕ್ಕಳು, ಒಂದೇ ಕೆಂಪು ಬಣ್ಣದ ಕಡ್ಡಿ. ಒಬ್ಬಳು ಕೈ ಚಾಚುತ್ತಾಳೆ. ಕಸಿದುಕೊಳ್ಳುವ ಮೊದಲೇ ಟೀಚರ್ ವಿಡಿಯೊ ನಿಲ್ಲಿಸುತ್ತಾರೆ. “ಇವಳಿಗೆ ಏನು ಬೇಕು? ಅವನಿಗೆ ಏನು ಬೇಕು?” ಮಕ್ಕಳು ಹೇಳುತ್ತಾರೆ. “ಈಗ ಏನು ಮಾಡಬಹುದು?” “ಕೇಳ್ಬೇಕು ಮಿಸ್.” “ಕೇಳಿದ್ರೂ ಕೊಡ್ಲಿಲ್ಲ, ಆಗ?” ಈ ಕೊನೆಯ ಪ್ರಶ್ನೆಯೇ ಪಾಠದ ತಿರುಳು. ಅವನು ಮುಗಿಸುವವರೆಗೆ ಹಸಿರು ಬಳಿಯಬಹುದು, ಇಬ್ಬರೂ ಸೇರಿ ಒಂದೇ ಚಿತ್ರ ಬರೆಯಬಹುದು, ಬದಲಿಗೆ ಬೇರೊಂದು ಕಡ್ಡಿ ಕೊಡಬಹುದು. ಫಿಲಡೆಲ್ಫಿಯಾದ ಮರ್ನಾ ಶ್ಯೂರ್ ಮತ್ತು ಜಾರ್ಜ್ ಸ್ಪಿವ್ಯಾಕ್ 1970ರ ದಶಕದಲ್ಲಿ ಕಂಡುಕೊಂಡದ್ದೂ ಇದನ್ನೇ: ಒಂದು ಜಗಳಕ್ಕೆ ಹಲವು ದಾರಿ ಯೋಚಿಸಬಲ್ಲ ಮಗು ಸಂಗಡಿಗರೊಂದಿಗೆ ಹೆಚ್ಚು ಹೊಂದಿಕೊಳ್ಳುತ್ತದೆ. ಅವರು ಪಾಠ ಶುರುಮಾಡುತ್ತಿದ್ದುದು ‘ಈಗ–ಆಮೇಲೆ’, ‘ಅದೇ–ಬೇರೆ’ ಎಂಬಂಥ ಸಣ್ಣ ಪದಗಳ ಆಟದಿಂದ. ‘ಆಮೇಲೆ’ ಎಂಬುದರ ಅಂದಾಜೇ ಇಲ್ಲದ ಮಗುವಿಗೆ ಸರದಿ ಕಾಯುವುದು ಹೇಗೆ ಅರ್ಥವಾದೀತು?

ಮಾತಿನ ನಂತರ ಅಭಿನಯ. ಹೇಳಿದ ದಾರಿಗಳನ್ನು ಮಕ್ಕಳೇ ಎದ್ದು ಆಡಿ ತೋರಿಸಬೇಕು. ಆಮೇಲೆ ಪಾತ್ರ ಅದಲುಬದಲಾಗಬೇಕು. ಕಡ್ಡಿ ಕೇಳಿದವಳು ಈಗ ಕಡ್ಡಿ ಹಿಡಿದವಳು. ಚಿತ್ರದುರ್ಗದ ಸೀಮೆಗೆ ನಾಟಕ ಹೊಸದಲ್ಲ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿ ಕಟ್ಟಿದ ‘ಶಿವಸಂಚಾರ’ ತಂಡ 1997ರಿಂದ ಊರೂರಿಗೆ ನಾಟಕ ಒಯ್ಯುತ್ತಿದೆ. ವೇಷ ಹಾಕಿ ಇನ್ನೊಬ್ಬರಾಗುವುದನ್ನು ಕಂಡು ಬೆಳೆದ ಮಕ್ಕಳಿಗೆ ಪಾತ್ರ ಬದಲಿಸುವುದು ವಿಚಿತ್ರ ಎನಿಸದು.

ವಿಡಿಯೊದ ಜಗಳ ಮಕ್ಕಳದೇ ಆಗಿರಬೇಕು: ಬಿಸಿಯೂಟದ ಸಾಲು, ನಲ್ಲಿಯ ಹತ್ತಿರದ ನೂಕಾಟ, ಆಟಕ್ಕೆ ಸೇರಿಸದಿರುವುದು. ನಗರದ ಫ್ಲ್ಯಾಟಿನ ವಿಡಿಯೊಗೇಮ್ ಜಗಳ ಇಲ್ಲಿಗೆ ಹೊಂದದು. ತಾಂಡಾದ ಮಗು ಮನೆಯಲ್ಲಿ ಲಂಬಾಣಿ, ಆಂಧ್ರದ ಗಡಿಯ ಮಗು ತೆಲುಗು ಆಡಬಹುದು. ಸಿಟ್ಟು ಬರುವುದು ಮನೆಮಾತಿನಲ್ಲೇ ಆದ್ದರಿಂದ ಅಭಿನಯವೂ ಆ ಮಾತಿನಲ್ಲಿ ನಡೆಯಲಿ. ನಿನ್ನೆ ನಿಜವಾಗಿ ಜಗಳವಾಡಿದವರನ್ನೇ ಇಂದು ಆ ಪಾತ್ರಕ್ಕೆ ನಿಲ್ಲಿಸಿದರೆ ಅದು ಪಾಠವಾಗದೆ ಶಿಕ್ಷೆಯಾಗುತ್ತದೆ. ಪಾಲಕರ ಒಪ್ಪಿಗೆಯಿಲ್ಲದೆ ಚಿತ್ರೀಕರಣ ಬೇಡ. ತೆಗೆದದ್ದು ವಾಟ್ಸ್ಆ್ಯಪ್ ಗುಂಪುಗಳಿಗೆ ಹೋಗುವುದೂ ಬೇಡ.

ಒಂದು ಎಚ್ಚರ. ಇಬ್ಬರು ಸಮಬಲದವರ ಜಟಾಪಟಿಗೆ ಈ ವಿಧಾನ ಸಲ್ಲುತ್ತದೆ. ದೊಡ್ಡ ಹುಡುಗನೊಬ್ಬ ಚಿಕ್ಕವನನ್ನು ದಿನವೂ ಹೆದರಿಸುತ್ತಿದ್ದರೆ, ಜಾತಿಯ ಹೆಸರಿನಲ್ಲಿ ಮಗುವೊಂದನ್ನು ಪಂಕ್ತಿಯಿಂದ ದೂರ ಕೂರಿಸಿದರೆ, ‘ಇಬ್ಬರೂ ಮಾತಾಡಿ ರಾಜಿಯಾಗಿ’ ಎನ್ನುವುದು ಅನ್ಯಾಯ. ಅಲ್ಲಿ ದೊಡ್ಡವರು ನಡುವೆ ಬಂದು ಅದನ್ನು ನಿಲ್ಲಿಸಲೇಬೇಕು.

ಪಾಠ ಫಲ ಕೊಟ್ಟಿದೆಯೇ ಎಂದು ನೋಡಲು ಕಥೆಯ ನೀತಿ ಕೇಳಿದರೆ ಸಾಲದು. ಮಕ್ಕಳು ಬಾಯಿಪಾಠ ಒಪ್ಪಿಸಿಬಿಡುತ್ತಾರೆ. ಕೆಲವು ವಾರ ಅವರ ನಿಜವಾದ ಜಗಳಗಳನ್ನು ದೂರದಿಂದ ಗಮನಿಸಿ. ಮೊದಲ ದಾರಿ ಮುಚ್ಚಿದಾಗ ಕೈಯೆತ್ತದೆ, ಮಿಸ್ ಹತ್ತಿರ ಓಡದೆ, ತಾವಾಗಿಯೇ ಎರಡನೇ ದಾರಿ ಹುಡುಕುವ ಮಕ್ಕಳು ಹೆಚ್ಚುತ್ತಿದ್ದರೆ ಆ ಒಂದು ನಿಮಿಷದ ವಿಡಿಯೊ ತನ್ನ ಕೆಲಸ ಮಾಡಿದೆ ಎಂದರ್ಥ.